ಕರಿಯ ಉಡುಪಿನ ಗಾಯಕಿ

ಹಾಡನ್ನು ಬರೆದವನು ಒಬ್ಬ, ಅದಕ್ಕೆ ರಾಗವನ್ನು ಕಟ್ಟಿದವನು ಮತ್ತೊಬ್ಬ. ಆದರೆ ಕೇಳಿದವರ ನೆನಪಿನಲ್ಲಿ ನಿಲ್ಲುವುದು ಹಾಡಿದವರ ದನಿ. ಇದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಫ್ರೆಂಚರು ಮಾತ್ರ ಈ ಚರ್ಚೆಯನ್ನು ತಮ್ಮ ನಿಘಂಟಿನಲ್ಲಿಯೇ ಬಗೆಹರಿಸಿಕೊಂಡಿದ್ದಾರೆ. ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯವರಿಗೆ ತಿಳಿಯಹೇಳುವ ದುಭಾಷಿಗೂ, ಬೇರೊಬ್ಬರು ಬರೆದ ಹಾಡನ್ನು ವೇದಿಕೆಯ ಮೇಲೆ ಹಾಡುವ ಕಲಾವಿದರಿಗೂ ಅವರ ನುಡಿಯಲ್ಲಿ ಇರುವುದು ಒಂದೇ ಪದ—‘ಎಂತೆರ್‌ಪ್ರೆತ್’. ಈ ಪದದ ಎರಡೂ ಅರ್ಥಗಳಿಗೆ ಸಲ್ಲುವಂತೆ ಅರುವತ್ತೈದು ವರ್ಷಗಳಿಗೂ ಮಿಗಿಲಾಗಿ ಹಾಡಿದವಳು ಜೂಲಿಯೆತ್ ಗ್ರೇಕೋ. ಆಕೆ ಸ್ವತಃ ಬರೆದ ಹಾಡುಗಳನ್ನು ಬೆರಳುಗಳ ಮೇಲೆ ಎಣಿಸಬಹುದು. ಆದರೂ ಇಪ್ಪತ್ತನೆಯ ಶತಮಾನದ ಫ್ರೆಂಚ್ ಹಾಡಿನ ಚರಿತ್ರೆಯನ್ನು ಆಕೆಯ ಹೆಸರಿಲ್ಲದೆ ಬರೆಯುವುದು ಸಾಧ್ಯವಿಲ್ಲ.

ರಂಗದ ಮೇಲೆ ಆಕೆಯನ್ನು ಕಂಡವರು ವರ್ಣಿಸುವ ಚಿತ್ರ ಒಂದೇ. ಕತ್ತಲೆಯ ವೇದಿಕೆ, ಅದರ ನಡುವೆ ಕತ್ತಿನಿಂದ ಕಾಲಿನವರೆಗೂ ಇಳಿದ, ಉದ್ದ ತೋಳಿನ ಕರಿಯ ಉಡುಪು. ಉಡುಪು ಕತ್ತಲೆಯಲ್ಲಿ ಕರಗಿಹೋಗಿ ಕಣ್ಣಿಗೆ ಬೀಳುತ್ತಿದ್ದುದು ಬೆಳ್ಳಗಿನ ಒಂದು ಮುಖ ಮತ್ತು ಎರಡು ಕೈಗಳು ಮಾತ್ರ. ಆ ಕೈಗಳು ಸುಮ್ಮನಿರುತ್ತಿರಲಿಲ್ಲ. ಹಾಡಿನಲ್ಲಿ ಬಾಗಿಲು ಬಂದರೆ ಬಾಗಿಲನ್ನು ತೆರೆಯುತ್ತಿದ್ದುವು, ಮಗು ಬಂದರೆ ಅದರ ತಲೆಯನ್ನು ಸವರುತ್ತಿದ್ದುವು. ಬಾಲ್ಯದಲ್ಲಿ ಪ್ಯಾರಿಸಿನ ಆಪೆರಾ ನೃತ್ಯಶಾಲೆಯಲ್ಲಿ ಕೆಲಕಾಲ ಕಲಿತ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂದಿರಬೇಕು. ಕಂಠ ತಗ್ಗು ಶ್ರುತಿಯದು, ತುಸು ಒರಟಾದದ್ದು. ತಾರಸ್ಥಾಯಿಗೆ ಏರಿ ಸಭೆಯನ್ನು ಬೆರಗುಗೊಳಿಸುವ ಶಕ್ತಿ ಅದಕ್ಕಿರಲಿಲ್ಲ. ಆದರೆ ಪ್ರತಿಯೊಂದು ಅಕ್ಷರವೂ ಕಡೆಯ ಸಾಲಿನಲ್ಲಿ ಕುಳಿತವನಿಗೂ ಸ್ಪಷ್ಟವಾಗಿ ಕೇಳಬೇಕು—ಇದು ಆಕೆಯ ವ್ರತವಾಗಿತ್ತು.

ಫ್ರೆಂಚರ ‘ಶಾಂಸೋಂ’ ಎಂಬ ಹಾಡಿನ ಜಾತಿಗೆ ಅತ್ಯಗತ್ಯವಾದ ಗುಣವೂ ಇದೇ. ಇಲ್ಲಿ ಮಾತು ಅರಸು, ರಾಗ ಮಂತ್ರಿ. ಮೂರು ನಾಲ್ಕು ನಿಮಿಷಗಳಲ್ಲಿ ಒಂದು ಕಥೆ, ಒಬ್ಬ ವ್ಯಕ್ತಿ, ಒಂದು ಬೀದಿ, ಒಂದು ಅಗಲಿಕೆ ಕಣ್ಣೆದುರಿಗೆ ಬಂದು ನಿಂತು ಮಾಯವಾಗಬೇಕು. ಕವಿತೆಯನ್ನು ಹಾಡಾಗಿ ಕೇಳುವ ನಮ್ಮ ಭಾವಗೀತೆಯ ರಸಿಕರಿಗೆ ಇದರ ಮರ್ಮವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಆದರೆ ಹೀಗೆ ಪರರ ಮಾತಿಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳುವ ಹಂಬಲ ಒಬ್ಬ ಹುಡುಗಿಗೆ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ, ಆಕೆ ಮಾತನ್ನೇ ಕಳೆದುಕೊಂಡಿದ್ದ ಕಾಲಕ್ಕೆ ಹೋಗಬೇಕು.

ಸೆರೆಮನೆಯ ಬಾಗಿಲಿನಾಚೆ

ಜೂಲಿಯೆತ್ ಹುಟ್ಟಿದುದು 1927ರ ಫೆಬ್ರವರಿ 7ರಂದು, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಪಟ್ಟಣದಲ್ಲಿ. ತಂದೆ ಕಾರ್ಸಿಕಾ ದ್ವೀಪದ ಮೂಲದವನು, ಪೊಲೀಸ್ ಅಧಿಕಾರಿ, ಸಂಸಾರದಲ್ಲಿ ನಿಂತವನಲ್ಲ. ತಾಯಿಗೆ ಮಕ್ಕಳ ಮೇಲೆ ಮಮತೆಗಿಂತ ಕಟ್ಟುನಿಟ್ಟು ಹೆಚ್ಚು. ಹೀಗಾಗಿ ಜೂಲಿಯೆತ್ ಮತ್ತು ಅಕ್ಕ ಶಾರ್ಲೊತ್ ಇಬ್ಬರೂ ಬೋರ್ದೋ ನಗರದಲ್ಲಿ ತಾಯಿಯ ತಂದೆತಾಯಿಗಳ ಮಡಿಲಲ್ಲಿ ಬೆಳೆದರು. ಅಜ್ಜ ಅಜ್ಜಿಯರು ಕಣ್ಮರೆಯಾದ ಮೇಲೆ ತಾಯಿ ಮಕ್ಕಳನ್ನು ಪ್ಯಾರಿಸಿಗೆ ಕರೆತಂದಳು. ಅಷ್ಟರಲ್ಲಿ ಯುದ್ಧ ಬಂದಿತು. 1940ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದರು.

ತಾಯಿ ಗುಪ್ತ ಪ್ರತಿಭಟನೆಯ ದಳವನ್ನು ಸೇರಿದಳು. ಮಕ್ಕಳನ್ನು ಮುದ್ದಿಸಲು ಬಾರದಿದ್ದ ಆ ಹೆಣ್ಣು ದೇಶಕ್ಕಾಗಿ ಪ್ರಾಣವನ್ನು ಪಣವಾಗಿಡಲು ಹಿಂಜರಿಯಲಿಲ್ಲ; ಮನುಷ್ಯಸ್ವಭಾವ ಅಷ್ಟು ಸುಲಭವಾಗಿ ಬಿಡಿಸಿ ನೋಡುವಂತಹುದಲ್ಲ. 1943ರಲ್ಲಿ ಆಕೆ ಸೆರೆಸಿಕ್ಕಳು. ಪ್ಯಾರಿಸಿಗೆ ತಪ್ಪಿಸಿಕೊಂಡು ಬಂದ ಅಕ್ಕತಂಗಿಯರೂ ಗೆಸ್ಟಾಪೋ ಪೊಲೀಸರ ಕೈಗೆ ಬಿದ್ದರು. ಹೊಡೆತ, ವಿಚಾರಣೆ, ಬಳಿಕ ಪ್ಯಾರಿಸಿನ ದಕ್ಷಿಣಕ್ಕಿರುವ ಫ್ರೆನ್ ಸೆರೆಮನೆ. ತಾಯಿಯನ್ನೂ ಶಾರ್ಲೊತ್‌ಳನ್ನೂ ಜರ್ಮನಿಯ ರಾವೆನ್ಸ್‌ಬ್ರೂಕ್ ಯಾತನಾಶಿಬಿರಕ್ಕೆ ಸಾಗಿಸಿದರು. ಹದಿನಾರು ವರ್ಷದ ಜೂಲಿಯೆತ್‌ಳನ್ನು ಮಾತ್ರ, ವಯಸ್ಸು ಚಿಕ್ಕದೆಂಬ ಕಾರಣದಿಂದ, ಕೆಲವು ಕಾಲದ ಅನಂತರ ಬಿಟ್ಟುಬಿಟ್ಟರು.

ಹೊರಗೆ ಬಂದವಳಿಗೆ ಮನೆಯಿಲ್ಲ, ಹಣವಿಲ್ಲ. ಆ ಊರಿನಲ್ಲಿ ಆಕೆಗೆ ಗೊತ್ತಿದ್ದ ವಿಳಾಸ ಒಂದೇ—ಹಿಂದೆ ತನಗೆ ಪಾಠ ಹೇಳಿದ್ದ, ತಾಯಿಯ ಗೆಳತಿಯೂ ಆಗಿದ್ದ ಎಲೆನ್ ದ್ಯುಕ್ ಎಂಬ ನಟಿಯದು. ಸಾಂ-ಸ್ಯುಲ್ಪೀಸ್ ಇಗರ್ಜಿಯ ಬಳಿ ಸರ್ವಾಂದೊನಿ ಎಂಬ ಓಣಿಯಲ್ಲಿ ಆಕೆಯ ವಾಸ. ದ್ಯುಕ್ ಹುಡುಗಿಗೆ ಆಶ್ರಯ ಕೊಟ್ಟುದಲ್ಲದೆ ನಾಟಕದ ಪಾಠಕ್ಕೂ ಕಳುಹಿಸಿದಳು. ತೊಡಲು ಬಟ್ಟೆಯಿಲ್ಲದ ಹುಡುಗಿಗೆ ಪರಿಚಿತ ತರುಣರು ತಮ್ಮ ಹಳೆಯ ಶರಾಯಿ, ಅಂಗಿ, ಕೋಟುಗಳನ್ನು ಕೊಟ್ಟರು. ಅವು ಅಳತೆಗೆ ದೊಡ್ಡವು. ತೋಳನ್ನೂ ಕಾಲನ್ನೂ ಮಡಿಸಿಕೊಂಡು ಆಕೆ ಬೀದಿಯಲ್ಲಿ ನಡೆದಳು. ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ಶ್ರೀಮಂತರ ಹೆಣ್ಣುಮಕ್ಕಳು ಇದೇ ವೇಷವನ್ನು ಹಣ ಕೊಟ್ಟು ಹೊಲಿಸಿಕೊಳ್ಳತೊಡಗಿದರು! ಬಡತನ ಫ್ಯಾಷನ್ನಾದ ಕಥೆಗಳಲ್ಲಿ ಇದೂ ಒಂದು.

1945ರಲ್ಲಿ ಶಿಬಿರಗಳಿಂದ ಬದುಕಿ ಬಂದವರನ್ನು ಪ್ಯಾರಿಸಿನ ಲ್ಯುತೆಸಿಯಾ ಹೋಟೆಲಿನಲ್ಲಿ ಇಳಿಸುತ್ತಿದ್ದರು. ಹೋಟೆಲಿನ ಗೋಡೆಗಳ ತುಂಬ ಕಾಣೆಯಾದವರ ಭಾವಚಿತ್ರಗಳು. ಬಾಗಿಲಲ್ಲಿ ಹಗಲಿರುಳು ಕಾದು ನಿಂತ ಬಂಧುಗಳು. ಬಂದಿಳಿಯುತ್ತಿದ್ದವರೋ ಎಲುಬಿನ ಗೂಡುಗಳು. ಅಲ್ಲಿಯೇ ಜೂಲಿಯೆತ್ ತನ್ನ ತಾಯಿಯನ್ನೂ ಅಕ್ಕನನ್ನೂ ಮತ್ತೆ ಕಂಡಳು. ಇಬ್ಬರೂ ಬದುಕಿದ್ದರು. ಆ ದಿನಗಳಲ್ಲಿ ಆಕೆಯನ್ನು ಬಲ್ಲವರೆಲ್ಲ ನೆನೆಯುವುದು ಆಕೆಯ ಮೌನವನ್ನು. ಗುಂಪಿನಲ್ಲಿ ಕುಳಿತಿರುವಳು, ಎಲ್ಲರನ್ನೂ ನೋಡುವಳು. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ.

ನೆಲಮಾಳಿಗೆಯ ದಿನಗಳು

ಸೀನ್ ನದಿಯ ಎಡದಂಡೆಯ ಸಾಂ-ಜೆರ್ಮೆಂ-ದೆ-ಪ್ರೆ ಬಡಾವಣೆ ಯುದ್ಧಾನಂತರದ ಪ್ಯಾರಿಸಿನಲ್ಲಿ ಒಂದು ವಿಚಿತ್ರ ಸಂತೆಯಾಗಿತ್ತು. ಕಲ್ಲಿದ್ದಲಿನ ಅಭಾವದಿಂದ ಮನೆಗಳಲ್ಲಿ ಚಳಿ ಕಾಯಿಸಿಕೊಳ್ಳಲು ಬೆಂಕಿಯಿಲ್ಲದ ಕಾಲ. ಲೇಖಕರೂ ವಿದ್ಯಾರ್ಥಿಗಳೂ ಕಾಫಿಶಾಲೆಗಳಲ್ಲಿಯೇ ಹಗಲು ಕಳೆಯುತ್ತಿದ್ದರು. ತತ್ತ್ವಜ್ಞಾನಿ ಜಾಂ-ಪಾಲ್ ಸಾರ್ತ್ರ್ ಮತ್ತು ಸಿಮೊನ್ ದ ಬೊವ್ವಾರ್ ಯುದ್ಧದ ವರ್ಷಗಳಲ್ಲಿ ಕಾಫೆ ದ ಫ್ಲೋರ್‌ನ ಒಲೆಯ ಪಕ್ಕದಲ್ಲಿ ಕುಳಿತು ಗ್ರಂಥಗಳನ್ನು ಬರೆದರೆಂಬುದು ಪ್ರಸಿದ್ಧವೇ ಆಗಿದೆ.

ಇಲ್ಲಿಗೆ ಹತ್ತಿರದ ದೋಫಿನ್ ಬೀದಿಯ 33ನೆಯ ಸಂಖ್ಯೆಯ ಮನೆಯಲ್ಲಿ ‘ತಾಬು’ ಎಂಬ ಒಂದು ಪಾನಗೃಹವಿತ್ತು. ಮುದ್ರಣಾಲಯಗಳಿಂದ ಪತ್ರಿಕೆಗಳನ್ನು ಸಾಗಿಸುವ ಕೆಲಸಗಾರರ ಅನುಕೂಲಕ್ಕಾಗಿ, ಉಳಿದವು ಮುಚ್ಚಿದ ಮೇಲೂ ಅದು ತೆರೆದಿರುತ್ತಿತ್ತು. ಒಂದು ರಾತ್ರಿ ಗ್ರೇಕೋಳ ಕೋಟು ಮೆಟ್ಟಿಲ ಕಟಕಟೆಯಿಂದ ಜಾರಿ ಕೆಳಗೆ ಬಿದ್ದು, ಅದನ್ನು ಹುಡುಕುತ್ತ ಇಳಿದವಳಿಗೆ ಕಮಾನು ಛಾವಣಿಯ ಒಂದು ನೆಲಮಾಳಿಗೆ ಕಣ್ಣಿಗೆ ಬಿದ್ದಿತೆಂದು ಕಥೆ. 1947ರ ಏಪ್ರಿಲ್‌ನಲ್ಲಿ ಅಲ್ಲಿ ತರುಣರ ಸಂಗೀತಕೂಟ ಆರಂಭವಾಯಿತು. ಎಂಜಿನಿಯರೂ ಕಾದಂಬರಿಕಾರನೂ ಆದ ಬೋರಿಸ್ ವಿಯಾಂ ಕಹಳೆ ಊದಿದನು. ಹೊಗೆ, ಬೆವರು, ಜಾಜ್ ಸಂಗೀತ, ಕುಣಿತ. ಮರುತಿಂಗಳೇ ಒಂದು ವಾರಪತ್ರಿಕೆ ಈ ‘ಗುಹಾವಾಸಿ’ಗಳ ಮೇಲೆ ಭಾವಚಿತ್ರಸಹಿತವಾದ ರೋಚಕ ಲೇಖನವೊಂದನ್ನು ಪ್ರಕಟಿಸಿತು. ಭಾವಚಿತ್ರದಲ್ಲಿದ್ದವಳು ಜೂಲಿಯೆತ್. ಲೇಖನದ ಉದ್ದೇಶ ನೀತಿಬೋಧೆಯೇ ಇದ್ದಿರಬಹುದು. ಪರಿಣಾಮ ಮಾತ್ರ, ಅರ್ಧ ಪ್ಯಾರಿಸ್ ಆ ನೆಲಮಾಳಿಗೆಯನ್ನು ನೋಡಲು ನುಗ್ಗಿಬಂದಿತು. ವಾರಪತ್ರಿಕೆಗಳ ಮಹಿಮೆ ಅಷ್ಟಿಷ್ಟಲ್ಲ!

ಹೀಗೆ ಒಂದೇ ಒಂದು ಹಾಡನ್ನೂ ಹಾಡದೆ ಗ್ರೇಕೋ ಪ್ರಖ್ಯಾತಳಾದಳು. ಆಕೆಯನ್ನು ‘ಅಸ್ತಿತ್ವವಾದಿಗಳ ಸರಸ್ವತಿ’ ಎಂಬರ್ಥದ ಬಿರುದಿನಿಂದ ಪತ್ರಿಕೆಗಳು ಕರೆದುವು. ಉದ್ದವಾದ ಕರಿಯ ಕೂದಲು, ಕಾಡಿಗೆಯ ಕಣ್ಣು, ಕರಿಯ ಉಡುಪು—ಇಷ್ಟೇ ಸಾಕಾಯಿತು. ಇಂತಹ ಕೀರ್ತಿ ಬಂದಷ್ಟೇ ವೇಗವಾಗಿ ಹೋಗುತ್ತದೆ. ಆಕೆಯ ಜೊತೆಗೆ ಆ ನೆಲಮಾಳಿಗೆಯಲ್ಲಿ ಹೆಸರು ಮಾಡಿದ ಅನೇಕರ ಹೆಸರು ಇಂದು ಸಂಶೋಧಕರಿಗೆ ಮಾತ್ರ ಗೊತ್ತು. ಗ್ರೇಕೋ ಉಳಿದುದಕ್ಕೆ ಕಾರಣ 1949ರಲ್ಲಿ ಸಾರ್ತ್ರ್ ಕೊಟ್ಟ ಒಂದು ಪುಸ್ತಕದ ರಾಶಿ.

ಗೆಳೆಯರೊಡನೆ ಊಟ ಮುಗಿಸಿ ನಡೆದು ಬರುತ್ತಿದ್ದಾಗ, ಈಕೆ ಹಾಡಿದರೆ ಹೇಗೆ ಎಂಬ ಮಾತು ಬಂದಿತು. ಗ್ರೇಕೋ ಒಪ್ಪಲಿಲ್ಲ; ರೇಡಿಯೋದಲ್ಲಿ ಬರುವ ಹಾಡುಗಳ ಮಾತು ತನಗೆ ರುಚಿಸುವುದಿಲ್ಲವೆಂದಳು. ಸಾರ್ತ್ರ್ ಮರುದಿನ ಬೆಳಗ್ಗೆ ಆಕೆಯನ್ನು ತನ್ನ ಮನೆಗೆ ಕರೆದು ಕವಿತೆಯ ಪುಸ್ತಕಗಳನ್ನು ಮುಂದಿಟ್ಟನು: ರುಚಿಸುವ ಮಾತನ್ನು ನೀನೇ ಆರಿಸಿಕೋ. ಆಕೆ ಆರಿಸಿದುದು ರೇಮೋಂ ಕೆನೋ ಎಂಬ ಕವಿಯ ಒಂದು ಕವಿತೆಯನ್ನು, ಹತ್ತೊಂಬತ್ತನೆಯ ಶತಮಾನದ ಜ್ಯೂಲ್ ಲಾಫೋರ್ಗ್‌ನ ಇನ್ನೊಂದನ್ನು. ಇವುಗಳ ಜೊತೆಗೆ ಸಾರ್ತ್ರ್ ತನ್ನ 1944ರ ನಾಟಕಕ್ಕೆಂದು ಬರೆದಿದ್ದ ಬ್ಲಾಂ-ಮಾಂತೋ ಬೀದಿಯ ಹಾಡನ್ನೂ ಸೇರಿಸಿದನು. ಕೊಲೆಗಂಬದ ವಿಷಯವುಳ್ಳ ಭೀಕರವಾದ ಹಾಡು ಅದು. ಕೆನೋನ ಕವಿತೆ, ಯೌವನ ಎಂದೆಂದಿಗೂ ಇರುವುದೆಂದು ನಂಬಿದ ಚಿಕ್ಕ ಹುಡುಗಿಗೆ ಹೇಳುವ ತುಂಟ ಬುದ್ಧಿವಾದ. ಹೇಳುವವಳ ವಯಸ್ಸೇ ಇಪ್ಪತ್ತೆರಡು! ಈ ವಿರೋಧವೇ ಹಾಡಿಗೆ ಬೆಡಗು ತಂದಿತು.

ಸಂಗೀತಕ್ಕಾಗಿ ಸಾರ್ತ್ರ್ ಆಕೆಯನ್ನು ಜೋಸೆಫ್ ಕೊಸ್ಮಾನ ಬಳಿಗೆ ಕಳುಹಿಸಿದನು. ಹಂಗೇರಿಯಲ್ಲಿ ಹುಟ್ಟಿದ ಯಹೂದಿ ಕೊಸ್ಮಾ, 1933ರಲ್ಲಿ ಪ್ಯಾರಿಸಿಗೆ ಬಂದವನು. ಯುದ್ಧಕಾಲದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಮರೆಯಾಗಿದ್ದು, ಬೇರೆಯವರ ಹೆಸರಿನ ಆಸರೆಯಲ್ಲಿ ಚಿತ್ರಗಳಿಗೆ ಸಂಗೀತ ರಚಿಸಿದವನು. ಕವಿ ಝಾಕ್ ಪ್ರೆವೇರ್‌ನೊಡನೆ ಆತ ನಿರ್ಮಿಸಿದ ‘ಒಣಗಿದ ಎಲೆಗಳು’ ಎಂಬ ಹಾಡು ಇಂಗ್ಲಿಷಿಗೂ ಹೋಗಿ ‘ಆಟಮ್ ಲೀವ್ಸ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ಗ್ರೇಕೋ ಅದನ್ನೂ ತನ್ನದಾಗಿಸಿಕೊಂಡಳು.

1949ರ ಬೇಸಿಗೆಯಲ್ಲಿ ‘ಬಫ್ ಸ್ಯುರ್ ಲ ತುವಾ’ ಎಂಬ ಹಳೆಯ ಸಂಗೀತ-ಪಾನಗೃಹ ಮತ್ತೆ ತೆರೆದಾಗ ಗ್ರೇಕೋ ಮೊದಲ ಬಾರಿಗೆ ವೇದಿಕೆಯೇರಿ ಹಾಡಿದಳು. ರಂಗಕ್ಕೆ ಬರುವ ಮುನ್ನ ಮೈನಡುಗುವ ಭಯ ಆಕೆಗೆ ಅಂದೂ ಇದ್ದಿತು, ಎಂಬತ್ತು ದಾಟಿದ ಮೇಲೂ ಇದ್ದಿತು. ಆಕೆಯ ಕಂಠದಲ್ಲಿ ಇನ್ನೂ ಯಾರೂ ಬರೆಯದ ಲಕ್ಷಾಂತರ ಕವಿತೆಗಳಿವೆ ಎಂಬರ್ಥದಲ್ಲಿ ಸಾರ್ತ್ರ್ ಬರೆದುದು ಮುಂದೆ ಬಹಳ ಜನ ಉಲ್ಲೇಖಿಸುವ ಮಾತಾಯಿತು.

ಒಂದು ಇರುವೆಯ ಹಾಡು

ಆ ಮೊದಲ ವರ್ಷಗಳ ಧ್ವನಿಮುದ್ರಿಕೆಗಳಲ್ಲಿ ಒಂದು ಹಾಡಿನ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಅದರ ಹೆಸರು ‘ಇರುವೆ’. ಬರೆದವನು ಕವಿ ರೊಬೇರ್ ದೆಸ್ನೋಸ್. ಮಕ್ಕಳಿಗಾಗಿ ಬರೆದ ಪುಟ್ಟ ಪದ್ಯ. ಎಲ್ಲಿಯೂ ಕಾಣಸಿಗದ ಒಂದು ದೈತ್ಯ ಇರುವೆ ಗಾಡಿಯೆಳೆದುಕೊಂಡು ಹೋಗುತ್ತದೆ—ಅಷ್ಟೇ ಕಥೆ. ಓದಿದ ಮಗು ಕಿಲಕಿಲ ನಗುತ್ತದೆ. ಆದರೆ ಈ ಪದ್ಯ ಹೊರಬಂದುದು 1944ರಲ್ಲಿ, ಜರ್ಮನರ ಆಳ್ವಿಕೆಯ ಕಾಲದಲ್ಲಿ. ದೆಸ್ನೋಸ್ ಗುಪ್ತ ಪ್ರತಿಭಟನೆಗೆ ಸೇರಿದವನು. ಅದೇ ವರ್ಷ ಸೆರೆಸಿಕ್ಕಿ, ಶಿಬಿರದಿಂದ ಶಿಬಿರಕ್ಕೆ ಸಾಗಿಸಲ್ಪಟ್ಟು, 1945ರ ಜೂನ್‌ನಲ್ಲಿ ತೆರೆಜಿನ್‌ನಲ್ಲಿ ಸತ್ತನು. ಬಿಡುಗಡೆ ಬಂದಿತ್ತು, ದೇಹದಲ್ಲಿ ಮಾತ್ರ ಬಲವುಳಿದಿರಲಿಲ್ಲ. ಆ ದೈತ್ಯ ಇರುವೆಯಲ್ಲಿ, ಮನುಷ್ಯರನ್ನು ತುಂಬಿಕೊಂಡು ಪೂರ್ವದ ಕಡೆಗೆ ಹೋಗುತ್ತಿದ್ದ ರೈಲುಗಾಡಿಯನ್ನು ಕಾಣುವ ಓದುಗರಿದ್ದಾರೆ.

ಈ ಪದ್ಯಕ್ಕೆ ರಾಗ ಹಾಕಿದವನು ತಲೆಮರೆಸಿಕೊಂಡು ಬದುಕಿದ ಕೊಸ್ಮಾ. ಹಾಡಿದವಳು, ತಾಯಿಯನ್ನೂ ಅಕ್ಕನನ್ನೂ ಯಾತನಾಶಿಬಿರಕ್ಕೆ ಒಯ್ದ ನೋವನ್ನು ಉಂಡವಳು. ಧ್ವನಿಮುದ್ರಿಕೆಯನ್ನು ಕೇಳಿದರೆ ಅಲ್ಲಿ ಅಳುವಿಲ್ಲ, ಬಿಕ್ಕುವಿಲ್ಲ. ತುಸು ನಗೆಯೇ ಇದೆ. ಗ್ರೇಕೋಳ ಕಲೆಯ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ. ಎದಿತ್ ಪಿಯಾಫ್ ಹಾಡಿದಾಗ ತನ್ನ ಬಾಳಿನ ಕಷ್ಟವನ್ನೆಲ್ಲ ಕೇಳುಗನ ಮಡಿಲಿಗೆ ಸುರಿಯುತ್ತಿದ್ದಳು. ಅದೊಂದು ದೊಡ್ಡ ಕಲೆ, ಅದಕ್ಕೆ ಎರಡು ಮಾತಿಲ್ಲ. ಗ್ರೇಕೋಳ ದಾರಿ ಬೇರೆ. ಆಕೆ ತನ್ನ ಕಷ್ಟವನ್ನು ಬಚ್ಚಿಟ್ಟುಕೊಂಡು ಕವಿಯ ಮಾತನ್ನು ಮಾತ್ರ ಮುಂದಿಡುತ್ತಿದ್ದಳು. ಉಳಿದುದನ್ನು ಕೇಳುಗನೇ ತುಂಬಿಕೊಳ್ಳಬೇಕು.

ಇಬ್ಬರ ನಡುವೆ ಒಂದು ಸಣ್ಣ ಜಟಾಪಟಿಯೂ ನಡೆಯಿತು. ಆಗ ಇನ್ನೂ ಯಾರಿಗೂ ಗೊತ್ತಿಲ್ಲದ ಶಾರ್ಲ್ ಅಜ್ನಾವೂರ್ ಎಂಬ ತರುಣ ‘ನನಗೆ ಭಾನುವಾರಗಳೆಂದರೆ ಆಗದು’ ಎಂಬರ್ಥದ ಹಾಡೊಂದನ್ನು ಬರೆದನು. ಸಂಗೀತ ಫ್ಲೊರಾಂಸ್ ವೆರಾನ್‌ಳದು. ಅಜ್ನಾವೂರ್ ಅದನ್ನು ಮೊದಲು ತೋರಿಸಿದುದು ಪಿಯಾಫ್‌ಳಿಗೆ, ಆಕೆ ಬೇಡವೆಂದಳು. ಗ್ರೇಕೋ ತೆಗೆದುಕೊಂಡು ಹಾಡಿದಳು, 1951ರಲ್ಲಿ ಅದಕ್ಕೆ ಬಹುಮಾನವೂ ಬಂದಿತು. ಆಗ ಪಿಯಾಫ್‌ಳಿಗೆ ಕೋಪ! ತಾನೂ ಅದೇ ಹಾಡನ್ನು ಧ್ವನಿಮುದ್ರಿಸಿಯೇ ಬಿಟ್ಟಳು.

ಬೇರೆಯವರ ಹಾಡನ್ನೇ ಹಾಡುವವರಿಗೆ ಇರುವ ದೊಡ್ಡ ಅಧಿಕಾರ ಆಯ್ಕೆಯದು. ಗ್ರೇಕೋ ಆ ಅಧಿಕಾರವನ್ನು ಬಳಸಿದ ರೀತಿಯನ್ನು ನೋಡಬೇಕು. 1954ರಲ್ಲಿ ಒಲಂಪಿಯಾ ರಂಗಮಂದಿರದಲ್ಲಿ ಆಕೆ ಬೆಲ್ಜಿಯಂನಿಂದ ಆಗತಾನೆ ಬಂದಿದ್ದ, ಯಾರೂ ಹೆಚ್ಚಾಗಿ ಕಿವಿಗೊಡದಿದ್ದ ಝಾಕ್ ಬ್ರೆಲ್‌ನ ಹಾಡನ್ನು ಹಾಡಿದಳು. ಝಾರ್ಜ್ ಬ್ರಾಸಾನ್ಸ್, ಲೆಯೋ ಫೆರೆ ಇವರ ಹಾಡುಗಳನ್ನೂ ತನ್ನ ಕಾರ್ಯಕ್ರಮಗಳಲ್ಲಿ ಸೇರಿಸಿಕೊಂಡಳು. ಇವರೆಲ್ಲ ಮುಂದೆ ತಾವೇ ದೊಡ್ಡ ಗಾಯಕರಾಗಿ ಬೆಳೆದವರು. ಇವರ ಹಾಡುಗಳನ್ನೇ ಇಂದು ಫ್ರೆಂಚರು ತಮ್ಮ ಶ್ರೇಷ್ಠ ಹಾಡುಗಳೆಂದು ಎಣಿಸುತ್ತಾರೆ.

ಗೀ ಬೆಯಾರ್ ಎಂಬವನು ಬರೆದು ಗ್ರೇಕೋ ಹಾಡಿದ ‘ಚಂದ್ರನಗರ’ ಎಂಬ ಹಾಡಂತೂ ಭಾರತೀಯರ ಕುತೂಹಲವನ್ನು ಕೆರಳಿಸುವಂತಹುದು. ಚಂದ್ರನಗರ, ಯಾನಂ, ಕಾರೈಕಲ್, ಮಾಹೆ, ಪಾಂಡಿಚೇರಿ—ಭಾರತದಲ್ಲಿ ಫ್ರೆಂಚರಿಗಿದ್ದ ಐದು ಊರುಗಳ ಹೆಸರುಗಳೂ ಅದರಲ್ಲಿ ಬರುತ್ತವೆ. ಚಂದ್ರನಗರ 1950ರಲ್ಲಿ, ಉಳಿದ ನಾಲ್ಕು 1954ರಲ್ಲಿ ಭಾರತದ ಆಡಳಿತಕ್ಕೆ ಬಂದುವು. ಹಾಡು ಬಂದುದು ಅವೆಲ್ಲ ಕೈಬಿಟ್ಟುಹೋದ ಬಳಿಕ, ಆ ದಶಕದ ಕೊನೆಯ ವರ್ಷಗಳಲ್ಲಿ. ಒಬ್ಬ ಚೆಲುವೆಯ ಸೌಂದರ್ಯವನ್ನು ಈ ಐದು ಊರುಗಳಿಗೆ ಹೋಲಿಸಿ ಸಾಗುವ ಆ ಹಾಡಿನ ಶ್ಲೇಷೆಗಳನ್ನೆಲ್ಲ ಮನೆಮಂದಿ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳುವಂತಿಲ್ಲ! ಕಳೆದುಕೊಂಡ ಸಾಮ್ರಾಜ್ಯದ ಬಗ್ಗೆ ಅಷ್ಟು ಹಗುರವಾಗಿ ನಗುವ ಜಾಣತನ ಮಾತ್ರ ಮೆಚ್ಚತಕ್ಕದ್ದು.

ಮತ್ತೊಬ್ಬ ತರುಣನ ಪ್ರಸಂಗ ಸ್ವಾರಸ್ಯವಾಗಿದೆ. ಸೆರ್ಜ್ ಗೇನ್ಸ್‌ಬೂರ್ ಮೊದಲ ಬಾರಿಗೆ ಗ್ರೇಕೋಳ ಮನೆಗೆ ಬಂದಾಗ ಸಂಕೋಚದಿಂದ ಕೈ ನಡುಗಿ ಪಾನೀಯದ ಲೋಟವನ್ನು ಕೆಳಗೆ ಬೀಳಿಸಿದನೆಂದು ಆಕೆಯೇ ಹೇಳಿದ್ದುಂಟು. ತನ್ನ ರೂಪದ ಬಗ್ಗೆ ಬಹಳ ಕೀಳರಿಮೆಯಿದ್ದ ಮನುಷ್ಯ. 1962ರಲ್ಲಿ ಒಂದು ಸಂಜೆ ಅವರಿಬ್ಬರೂ ಗ್ರಾಮಫೋನ್ ಕೇಳುತ್ತ ಹರಟೆಯಲ್ಲಿ ಕಳೆದರು. ಮರುದಿನ ಆತ ಒಂದು ಹಾಡನ್ನು ಬರೆದು ಕಳುಹಿಸಿದನು. ಅದೇ ‘ಲಾ ಝಾವನೇಸ್’. ನಮ್ಮ ಮಕ್ಕಳು ಪ್ರತಿ ಅಕ್ಷರಕ್ಕೂ ‘ಕ’ಕಾರ ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಗುಟ್ಟಿನ ಮಾತಾಡುವುದುಂಟಷ್ಟೆ, ಫ್ರಾನ್ಸಿನಲ್ಲಿ ‘ಅವ್’ ಎಂಬ ಶಬ್ದವನ್ನು ನಡುನಡುವೆ ತುರುಕುವ ಅಂತಹುದೇ ಆಟವೊಂದಿದೆ. ಆ ಆಟದ ಸದ್ದನ್ನು ಹಾಡಿನ ತುಂಬ ಹರಡಿ, ಮೂರು ಮಾತ್ರೆಯ ತೂಗಾಟದಲ್ಲಿ ಕಟ್ಟಿದ ಪ್ರೇಮಗೀತೆ ಅದು. ಹಾಡು ಮುಗಿಯುವಷ್ಟರಲ್ಲಿ ಪ್ರೇಮವೂ ಮುಗಿದಿರುತ್ತದೆ.

ಪ್ರೇಮದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 1949ರ ಮೇ ತಿಂಗಳಲ್ಲಿ ಪ್ಯಾರಿಸಿನ ಜಾಜ್ ಉತ್ಸವಕ್ಕೆ ಅಮೆರಿಕದ ಕಹಳೆವಾದಕ ಮೈಲ್ಸ್ ಡೇವಿಸ್ ಬಂದಿದ್ದನು. ಕರಿಯ ತರುಣ, ವಯಸ್ಸು ಇಪ್ಪತ್ತಮೂರು ಇನ್ನೂ ತುಂಬಿರಲಿಲ್ಲ. ಆತನಿಗೆ ಫ್ರೆಂಚ್ ಬಾರದು, ಆಕೆಗೆ ಇಂಗ್ಲಿಷ್ ಬಾರದು. ಇಬ್ಬರೂ ಸೀನ್ ನದಿಯ ದಂಡೆಯ ಮೇಲೆ ಕೈಕೈ ಹಿಡಿದು ನಡೆದರು. ಏಕೆ ಮದುವೆಯಾಗಬಾರದೆಂದು ಸಾರ್ತ್ರ್ ಕೇಳಿದಾಗ, ಆಕೆಯನ್ನು ಅಷ್ಟೊಂದು ಪ್ರೀತಿಸುವುದರಿಂದಲೇ ಆಕೆಗೆ ದುಃಖ ಕೊಡಲಾರೆ ಎಂದು ಡೇವಿಸ್ ಉತ್ತರಿಸಿದನಂತೆ. ಅಮೆರಿಕದಲ್ಲಿ ಬಿಳಿಯಳಾದ ಹೆಂಡತಿಯೊಡನೆ ಬಾಳುವುದೆಂದರೇನೆಂದು ಆತನಿಗೆ ತಿಳಿದಿತ್ತು. ಮುಂದೊಮ್ಮೆ ಗ್ರೇಕೋ ನ್ಯೂಯಾರ್ಕಿನ ದೊಡ್ಡ ಹೋಟೆಲೊಂದರಲ್ಲಿ ಇಳಿದಿದ್ದಾಗ ಆತನನ್ನು ಊಟಕ್ಕೆ ಕರೆದಳು. ಬಡಿಸುವವರು ತಟ್ಟೆಗಳನ್ನು ಎಸೆಯುವಂತೆ ಇಟ್ಟುಹೋದರೆಂದು ಆಕೆ ಬಹಳ ವರ್ಷಗಳ ಬಳಿಕ ನೆನೆದಳು. ಆ ರಾತ್ರಿ ಡೇವಿಸ್ ದೂರವಾಣಿಯಲ್ಲಿ, ಈ ದೇಶದಲ್ಲಿ ನಿನ್ನನ್ನು ಎಂದೂ ಕಾಣಲು ಬಯಸುವುದಿಲ್ಲವೆಂದು ಹೇಳಿದನು. ಯೂರೋಪಿನಲ್ಲಿ ಮಾತ್ರ ಅವರ ಗೆಳೆತನ 1991ರಲ್ಲಿ ಆತ ತೀರಿಕೊಳ್ಳುವವರೆಗೂ ಮುಂದುವರಿಯಿತು.

ಹೊಸ ಗಾಳಿ

ಚಲನಚಿತ್ರಗಳ ವಿಷಯವನ್ನು ಬೇಗ ಮುಗಿಸೋಣ. ಕೊಕ್ತೋನ ‘ಒರ್ಫೆ’ (1950) ಚಿತ್ರದಲ್ಲಿ ಆಕೆಗೆ ಸಣ್ಣ ಪಾತ್ರವಿತ್ತು. ಆ ದಶಕದ ಕೊನೆಯಲ್ಲಿ ಹಾಲಿವುಡ್ ಕರೆದು ಕೆಲವು ಚಿತ್ರಗಳಲ್ಲಿ ನಟಿಸುವಂತೆ ಮಾಡಿತು. ಅವುಗಳಲ್ಲಿ ಬಹುಪಾಲನ್ನು ಮರೆತರೆ ನಷ್ಟವಿಲ್ಲ. 1965ರಲ್ಲಿ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಅಲೆಯುವ ಭೂತದ ಕಥೆಯಾದ ‘ಬೆಲ್ಫೆಗೋರ್’ ಎಂಬ ದೂರದರ್ಶನ ಧಾರಾವಾಹಿಯಿಂದ ಮಾತ್ರ ಹಾಡು ಕೇಳದ ಮನೆಗಳಲ್ಲಿಯೂ ಆಕೆಯ ಮುಖ ಪರಿಚಿತವಾಯಿತು. ಸಂಸಾರಸುಖ ಸುಲಭವಾಗಿ ದಕ್ಕಲಿಲ್ಲ. ನಟ ಫಿಲಿಪ್ ಲೆಮೇರ್‌ನೊಡನೆ ಮದುವೆ, ಒಬ್ಬ ಮಗಳು, ವಿಚ್ಛೇದನ. 1966ರಲ್ಲಿ ನಟ ಮಿಶೆಲ್ ಪಿಕೋಲಿಯೊಡನೆ ಎರಡನೆಯ ಮದುವೆ, ಅದೂ 1977ರಲ್ಲಿ ಮುರಿಯಿತು.

ಅಷ್ಟರಲ್ಲಿ ಹಾಡಿನ ಲೋಕದಲ್ಲಿಯೇ ಗಾಳಿ ಬದಲಾಯಿಸಿತ್ತು. ಅಮೆರಿಕದ ರಾಕ್ ಸಂಗೀತವನ್ನು ಅನುಕರಿಸಿದ ‘ಯೆ-ಯೆ’ ಹಾಡುಗಳ ಹುಚ್ಚು ಫ್ರಾನ್ಸಿನ ಹದಿಹರೆಯವನ್ನು ಹಿಡಿಯಿತು. 1963ರ ಜೂನ್‌ನಲ್ಲಿ ಪ್ಯಾರಿಸಿನ ನಾಸಿಯೋಂ ಚೌಕದಲ್ಲಿ ನಡೆದ ಬಯಲು ಕಚೇರಿಗೆ ಲಕ್ಷಕ್ಕೂ ಮಿಕ್ಕಿ ಯುವಜನರು ಸೇರಿದರು. ‘ಲಾ ಝಾವನೇಸ್’ ಧ್ವನಿಮುದ್ರಿಕೆಯಾಗಿ ಹೊರಬಂದುದೂ ಅದೇ 1963ರಲ್ಲಿಯೇ, ಅಕ್ಟೋಬರ್‌ನಲ್ಲಿ ಪಿ‍ಯಾಫ್ ತೀರಿಕೊಂಡುದೂ ಆಗಲೇ. ಕವಿತೆಯನ್ನು ಕಿವಿಗೊಟ್ಟು ಕೇಳುವ ಕಾಲ ಮುಗಿಯಿತೆಂದು ಹಲವರು ತೀರ್ಮಾನಿಸಿದರು.

ಗ್ರೇಕೋ ಗಿಟಾರು ಹಿಡಿದು ಕುಣಿಯಲಿಲ್ಲ, ಉಡುಪಿನ ಬಣ್ಣ ಬದಲಾಯಿಸಲೂ ಇಲ್ಲ. 1966ರಲ್ಲಿ ಶಾಯೋ ರಾಷ್ಟ್ರೀಯ ಜನರಂಗಮಂದಿರದಲ್ಲಿ ಬ್ರಾಸಾನ್ಸ್‌ನೊಡನೆ ವೇದಿಕೆ ಹಂಚಿಕೊಂಡು ಹಾಡಿದಳು. ಮುಂದಿನ ವರ್ಷ, ‘ನನ್ನ ಉಡುಪನ್ನು ಕಳಚಿ’ ಎಂಬರ್ಥದ ಹೆಸರಿನ ಒಂದು ದಿಟ್ಟ ಹಾಡನ್ನು ಎತ್ತಿಕೊಂಡಳು. ವಸ್ತ್ರ ಕಳಚುವ ನರ್ತಕಿಗೆಂದು ಬರೆದ ಹಾಡದು. ಗ್ರೇಕೋ ಅದನ್ನು ಹಾಡಿದುದು ಕತ್ತಿನವರೆಗೆ ಮುಚ್ಚಿದ ಅದೇ ಕರಿಯ ಉಡುಪಿನಲ್ಲಿ, ಒಂದು ಗುಂಡಿಯನ್ನೂ ಮುಟ್ಟದೆ, ಗಂಡಸರ ಅವಸರವನ್ನು ಹಾಸ್ಯ ಮಾಡುತ್ತ. ಸಂಪ್ರದಾಯಸ್ಥರು ಮೂಗು ಮುರಿದರು; ಸಭೆ ಮಾತ್ರ ಕೊನೆಯವರೆಗೂ ಅದನ್ನು ಕೇಳಿ ಕೇಳಿ ಹಾಡಿಸಿತು.

1967ರಲ್ಲಿ ಬ್ರೆಲ್ ವೇದಿಕೆಗೆ ವಿದಾಯ ಹೇಳಿದನು. ಆತನ ಪಿಯಾನೋ ವಾದಕ, ಆತನ ಹಲವು ಹಾಡುಗಳ ರಾಗಕರ್ತ ಝೆರಾರ್ ಜುವಾನೆಸ್ತ್ ಮರುವರ್ಷದಿಂದ ಗ್ರೇಕೋಳಿಗೆ ಪಕ್ಕವಾದ್ಯಗಾರನಾದನು. ಮಿತಭಾಷಿ, ಸಂಕೋಚದ ಮನುಷ್ಯ. ಇಪ್ಪತ್ತು ವರ್ಷ ಒಟ್ಟಿಗೆ ಊರೂರು ಸುತ್ತಿ ಸಾವಿರ ಸಭೆಗಳನ್ನು ಕಂಡ ಮೇಲೆ, 1988ರಲ್ಲಿ ಇಬ್ಬರೂ ಮದುವೆಯಾದರು. ಆಗ ಆಕೆಗೆ ಅರುವತ್ತೊಂದು ವರ್ಷ.

ಸಾಂತಿಯಾಗೊದ ರಾತ್ರಿ

ಫ್ರೆನ್ ಸೆರೆಮನೆಯನ್ನು ಕಂಡ ಹುಡುಗಿ ಅದನ್ನು ಮರೆತಿರಲಿಲ್ಲವೆಂಬುದು 1981ರಲ್ಲಿ ಲೋಕಕ್ಕೆ ತಿಳಿಯಿತು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1973ರಿಂದ ಸೇನಾಧಿಪತಿ ಪಿನೊಚೆಯ ಸರ್ವಾಧಿಕಾರ ನಡೆದಿತ್ತು. ರಾಜಧಾನಿ ಸಾಂತಿಯಾಗೊದಲ್ಲಿ ಹಾಡಲು ಗ್ರೇಕೋಳಿಗೆ ಆಹ್ವಾನ ಬಂದಿತು. ಹೋಗಬೇಡವೆಂದವರು ಬಹಳ. ಆಕೆ ಹೋದಳು. ಸಭೆಯ ತುಂಬ ಸೇನಾಧಿಕಾರಿಗಳು, ಅಧಿಕಾರಸ್ಥರ ಕುಟುಂಬಗಳು. ಹಾಡುಗಾರ್ತಿ ರಂಗಕ್ಕೆ ಬಂದಾಗ ಭಾರಿ ಕರತಾಡನ. ಆಕೆ ಒಂದಾದ ಮೇಲೆ ಒಂದರಂತೆ ಆ ಸರ್ಕಾರ ನಿಷೇಧಿಸಿದ್ದ ಹಾಡುಗಳನ್ನೇ ಹಾಡಿದಳು. ಕೊನೆಯ ಹಾಡು ಮುಗಿದಾಗ ಒಂದು ಕೈಯೂ ತಟ್ಟಲಿಲ್ಲ. ಹಿಮದಂತಹ ಆ ಮೌನದ ನಡುವೆ ಆಕೆ ವೇದಿಕೆಯಿಂದ ಹೊರಗೆ ನಡೆದಳು. ತನ್ನ ವೃತ್ತಿಜೀವನದ ಅತ್ಯಂತ ದೊಡ್ಡ ವಿಜಯ ಯಾವುದೆಂದು ಕೇಳಿದವರಿಗೆ ಆಕೆ ಹೇಳುತ್ತಿದ್ದುದು ಒಲಂಪಿಯಾದ ಚಪ್ಪಾಳೆಗಳನ್ನಲ್ಲ, ಸಾಂತಿಯಾಗೊದ ಈ ಮೌನವನ್ನು.

ಜರ್ಮನಿಯಲ್ಲಿಯೂ ಆಕೆ ಹಾಡಿದಳು, ಒಂದು ಸಲವಲ್ಲ, ಅನೇಕ ಸಲ. ಅಲ್ಲಿ ಆಕೆಗೆ ದೊಡ್ಡ ಅಭಿಮಾನಿ ಬಳಗವಿತ್ತು. ತಾಯಿಯನ್ನೂ ಅಕ್ಕನನ್ನೂ ರಾವೆನ್ಸ್‌ಬ್ರೂಕ್‌ಗೆ ಕಳುಹಿಸಿದವರ ನಾಡು ಅದು. ಆ ಸಭೆಗಳಲ್ಲಿ ಕುಳಿತ ತರುಣರು ಯುದ್ಧ ಮುಗಿದ ಮೇಲೆ ಹುಟ್ಟಿದವರು, ಅವರಿಗೆ ಈ ಕವಿಗಳ ಮಾತನ್ನು ಕೇಳಿಸದಿರುವುದು ಯಾವ ನ್ಯಾಯ?

2013ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಗ್ರೇಕೋ ಬ್ರೆಲ್‌ನ ಹಾಡುಗಳನ್ನಷ್ಟೇ ಒಳಗೊಂಡ ಧ್ವನಿಮುದ್ರಿಕೆಯನ್ನು ಹೊರತಂದಳು. ಬ್ರೆಲ್ ತೀರಿಕೊಂಡು ಆಗಲೇ ಮೂವತ್ತೈದು ವರ್ಷಗಳಾಗಿದ್ದುವು. ಮುದಿ ಪ್ರೇಮಿಗಳ ಕುರಿತು ಬ್ರೆಲ್ ಬರೆದ ಪ್ರಸಿದ್ಧ ಹಾಡೂ ಅದರಲ್ಲಿದೆ. ರಾಗದ ರಚನೆಯಲ್ಲಿ ಜುವಾನೆಸ್ತ್‌ನ ಕೈಯಿದ್ದ ಹಾಡು ಅದು. ಈಗ ಹಾಡುತ್ತಿದ್ದವಳು ಆತನ ಹೆಂಡತಿ. ಕಂಠ ಬಿರಿದಿದೆ, ಉಸಿರು ಸಾಲದೆ ಕೆಲವೆಡೆ ಹಾಡು ಮಾತಾಗಿಬಿಡುತ್ತದೆ. ಆದರೆ ಅಕ್ಷರವೊಂದೂ ಮಸುಕಾಗಿಲ್ಲ. ಇಪ್ಪತ್ತೆರಡರ ಹುಡುಗಿ ಯೌವನದ ಅಳಿವನ್ನು ಹಾಡಿದ ಧ್ವನಿಮುದ್ರಿಕೆಯನ್ನೂ ಇದನ್ನೂ ಒಂದರ ಬೆನ್ನಿಗೆ ಒಂದನ್ನಿಟ್ಟು ಕೇಳುವ ಅವಕಾಶ ದೊರೆತವರು ಬಿಡಬಾರದು.

2015ರ ಏಪ್ರಿಲ್‌ನಲ್ಲಿ ‘ಮೆರ್ಸಿ’, ಅಂದರೆ ‘ವಂದನೆ’, ಎಂಬ ಹೆಸರಿನ ವಿದಾಯದ ಪ್ರವಾಸ ಆರಂಭವಾಯಿತು. ಅದು ಕೊನೆ ಮುಟ್ಟಲಿಲ್ಲ. 2016ರ ಮಾರ್ಚ್‌ನಲ್ಲಿ ಲಿಯೋಂ ನಗರದಲ್ಲಿ ಆಕೆಗೆ ಮಿದುಳಿನ ಆಘಾತವಾಗಿ, ಉಳಿದ ಕಾರ್ಯಕ್ರಮಗಳೆಲ್ಲ ರದ್ದಾದುವು. ಅದೇ ವರ್ಷ ಒಬ್ಬಳೇ ಮಗಳು ತೀರಿಹೋದಳು. 2018ರಲ್ಲಿ ಜುವಾನೆಸ್ತ್ ಹೋದನು. 2020ರ ಸೆಪ್ಟೆಂಬರ್ 23ರಂದು, ಮೆಡಿಟರೇನಿಯನ್ ತೀರದ ರಾಮತ್ಯುಯೆಲ್ ಗ್ರಾಮದ ತನ್ನ ಮನೆಯಲ್ಲಿ ಗ್ರೇಕೋ ಕಣ್ಣುಮುಚ್ಚಿದಳು. ಆಗ ವಯಸ್ಸು ತೊಂಬತ್ತಮೂರು.

ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆದುದು ಸಾಂ-ಜೆರ್ಮೆಂ-ದೆ-ಪ್ರೆ ಇಗರ್ಜಿಯಲ್ಲಿ. ಅದರ ಮುಂದಿನ ಚೌಕಕ್ಕೆ ಈಗ ಸಾರ್ತ್ರ್ ಮತ್ತು ಬೊವ್ವಾರ್ ಇವರ ಹೆಸರುಗಳನ್ನಿಟ್ಟಿದ್ದಾರೆ. ಅಲ್ಲಿಂದ ದೋಫಿನ್ ಬೀದಿಗೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ. 33ನೆಯ ಸಂಖ್ಯೆಯ ಮನೆ ಈಗ ಅಚ್ಚುಕಟ್ಟಾದ ಹೋಟೆಲು.